ಮಂಡೆಬಿಸಿ ಇಳಿಸಿಕೊಂಡು ಕೆಲಸಕ್ಕೆ ಕೂರುವುದು ಹೇಗೆ?

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ, ಲೆಕ್ಕ ಬರೆಯುವುದು ನನ್ನ ಕೆಲಸ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮಗೆ ಪುರುಸೊತ್ತು ಅನ್ನುವುದೇ ಇರುವುದಿಲ್ಲ. ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಗೇಟಿನ ಹೊರಗೆ ಪಿಕಪ್‌ಗಳು ಸಾಲಾಗಿ ನಿಂತಿರುತ್ತವೆ. ಒಬ್ಬರದು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ್ದು), ಇನ್ನೊಬ್ಬರದು ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು). ಒಂದು ಕಡೆ ತೂಕದ ಚೀಟಿ, ಇನ್ನೊಂದು ಕಡೆ ಫೋನು. ಮಧ್ಯದಲ್ಲಿ ಬೆಳೆಗಾರರು ಕಿಟಕಿಗೆ ಬಗ್ಗಿ, "ಏನಮ್ಮಾ, ನನ್ ಔಟ್‌ಟರ್ನ್ ಬಂತಾ?" ಅಂತ ಕೇಳುತ್ತಾರೆ. ಔಟ್‌ಟರ್ನ್ ಅಂದರೆ ಅವರು ತಂದ ಕಾಫಿಯಲ್ಲಿ ಸಿಪ್ಪೆ ತೆಗೆದ ಮೇಲೆ ಸಿಕ್ಕ ಬೀಜದ ಲೆಕ್ಕ.

ಎರಡು ವರ್ಷದ ಹಿಂದೆ ಜನವರಿಯಲ್ಲಿ ಒಬ್ಬರ 42 ಮೂಟೆ ಚೆರಿಯನ್ನು ಇನ್ನೊಬ್ಬರ ಖಾತೆಗೆ ಬರೆದುಬಿಟ್ಟೆ. ಇಬ್ಬರ ಹೆಸರೂ ಒಂದೇ ಥರ ಇತ್ತು, ಊರು ಮಾತ್ರ ಬೇರೆ. ನಾಲ್ಕು ದಿನ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಆ ವಯಸ್ಸಾದ ಗೌಡರು ಮೂಡಿಗೆರೆ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದರು. ಬೈಯಲಿಲ್ಲ. "ಹೋಗ್ಲಿ ಬಿಡಮ್ಮಾ, ಸರಿ ಮಾಡ್ಕೊಡು" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ 42 ಮೂಟೆ ಬರೆಯುವಾಗ ನನ್ನ ತಲೆಯಲ್ಲಿ ಏನಿತ್ತು ಅಂತ ನೆನಪು ಮಾಡಿಕೊಂಡೆ. ಅಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ದಿನ ಗೊತ್ತು ಮಾಡಬೇಕಿತ್ತು. ಸ್ಕೂಟರ್ ಇನ್ಶೂರೆನ್ಸ್ ಮುಗಿಯುತ್ತಾ ಬಂದಿತ್ತು. ಮಗನ ಟೂರ್ ಫಾರಂಗೆ ಸಹಿ ಹಾಕಬೇಕಿತ್ತು. ಗ್ಯಾಸ್ ಬುಕ್ ಮಾಡಿರಲಿಲ್ಲ. ನಾದಿನಿ ಹೇಳಿದ ಒಂದು ಮಾತು ಮುಳ್ಳಿನ ಹಾಗೆ ಕೂತಿತ್ತು. ಇದರಲ್ಲಿ ಯಾವುದೂ ದೊಡ್ಡ ಕಷ್ಟವಲ್ಲ, ಅಲ್ವಾ? ಆದರೆ ಒಂದನ್ನೂ ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಒಂದಕ್ಕೂ ಏನು ಮಾಡುವುದು ಅಂತ ತೀರ್ಮಾನ ಮಾಡಿರಲಿಲ್ಲ. ತೀರ್ಮಾನವಾಗದ ಸಣ್ಣ ಸಣ್ಣ ಸಂಗತಿಗಳೇ ತಲೆ ತುಂಬುತ್ತವೆ ಅಂತ ನನಗೆ ಗೊತ್ತಾಗಿದ್ದು ಆ ರಾತ್ರಿ.

ಆಮೇಲೆ ಎರಡು ಸೀಸನ್ ಮಾಡಿ ನೋಡಿ, ತಿದ್ದಿಕೊಂಡು, ಕೊನೆಗೆ ಉಳಿಸಿಕೊಂಡ ಕ್ರಮ ಇದು. ಬ್ಯಾಂಕು, ಸೊಸೈಟಿ, ಶಾಲೆ, ಅಂಗಡಿ, ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂರುವವರು, ಯಾರು ಬೇಕಾದರೂ ತಮಗೆ ಹೊಂದುವ ಹಾಗೆ ಮಾಡಿಕೊಳ್ಳಬಹುದು.

ಮೊದಲು, ತಲೆ ಯಾಕೆ ತುಂಬುತ್ತದೆ

ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ತುಂಬಾ ಕಡಿಮೆ. 1956ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅದನ್ನು ಸುಮಾರು ಏಳು ಸಂಗತಿ ಅಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಆವರೆಗಿನ ಹಲವು ಪ್ರಯೋಗಗಳನ್ನು ಮತ್ತೆ ನೋಡಿ ಸುಮಾರು ನಾಲ್ಕಕ್ಕೆ ಇಳಿಸಿದರು. ಒಂದು ಲಾಟ್, ಅಂದರೆ ಒಬ್ಬರು ಒಂದು ಸಲಕ್ಕೆ ತಂದ ಸರಕು, ಬರೆಯಬೇಕಾದರೆ ಹೆಸರು, ಮೂಟೆ, ತೂಕ, ತೇವಾಂಶ ಅಂತ ಆ ನಾಲ್ಕೂ ಅಲ್ಲೇ ಖರ್ಚಾಗುತ್ತವೆ. ಅದರ ಮಧ್ಯೆ ಗ್ಯಾಸ್ ಸಿಲಿಂಡರ್ ನುಗ್ಗಿದರೆ ಯಾವುದಾದರೂ ಒಂದು ಹೊರಗೆ ಬೀಳಲೇಬೇಕು.

ಇನ್ನೊಂದು ಸಂಗತಿ ಇದೆ. ಬರ್ಲಿನ್‌ನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಜನರಿಗೆ ಸಣ್ಣ ಸಣ್ಣ ಕೆಲಸ ಕೊಟ್ಟು, ಕೆಲವನ್ನು ಬೇಕಂತಲೇ ಅರ್ಧಕ್ಕೆ ತಡೆದರು. ಮುಗಿಸಿದ್ದಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಅವರಿಗೆ ಜಾಸ್ತಿ ನೆನಪಿತ್ತು ಅಂತ 1927ರಲ್ಲಿ ಬರೆದರು. ಆಮೇಲೆ ಅದೇ ಪ್ರಯೋಗ ಮಾಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲ, ನಿಜ. ಆದರೆ 2011ರಲ್ಲಿ ಮಸಿಕ್ಯಾಂಪೊ ಮತ್ತು ಬಾಮೈಸ್ಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿದ್ದು ನಮಗೆ ತುಂಬಾ ಉಪಯೋಗದ್ದು. ಮುಗಿಯದ ಕೆಲಸ ನಡುವೆ ಬಂದು ಕಾಡದೆ ಇರಬೇಕಾದರೆ ಅದನ್ನು ಮುಗಿಸಲೇಬೇಕು ಅಂತಿಲ್ಲ. ಯಾವಾಗ, ಹೇಗೆ ಮಾಡುವುದು ಅಂತ ಖಚಿತವಾಗಿ ಗೊತ್ತು ಮಾಡಿದರೂ ಸಾಕು, ಮನಸ್ಸು ಅದನ್ನು ಕೆಳಗಿಡುತ್ತದೆ. ಮುಂದಿನ ಹೆಜ್ಜೆಗಳೆಲ್ಲ ನಿಂತಿರುವುದು ಇದರ ಮೇಲೆಯೇ.

ಹೆಜ್ಜೆ 1: ಎಲ್ಲವನ್ನೂ ಹಾಳೆಗೆ ಸುರಿಯಿರಿ

ಮನೆಯ ಗೋಡೆಯಲ್ಲಿರುವ ಕ್ಯಾಲೆಂಡರ್‌ನಿಂದ ಕಳೆದ ತಿಂಗಳ ಹಾಳೆ ಹರಿದುಕೊಳ್ಳಿ. ಹಿಂಬದಿ ಖಾಲಿ ಇಲ್ಲದಿದ್ದರೆ ಯಾವುದಾದರೂ ದೊಡ್ಡ ಹಾಳೆ ಆದೀತು. ಹಾಳೆ ದೊಡ್ಡದಿರಲಿ, ಅದು ಮುಖ್ಯ. ಚಿಕ್ಕ ಡೈರಿಯಲ್ಲಿ ಬರೆಯಲು ಕೂತರೆ ಮನಸ್ಸು ಜಾಗ ನೋಡಿ ಜಿಪುಣತನ ಮಾಡುತ್ತದೆ. ಫೋನಿನಲ್ಲಂತೂ ಬೇಡ. ಬರೆಯಲು ತೆಗೆದ ಫೋನಿನಲ್ಲಿ ಎರಡೇ ನಿಮಿಷಕ್ಕೆ ಬೇರೆ ಏನೋ ನೋಡುತ್ತಿರುತ್ತೀರಿ.

ನಲವತ್ತು ನಿಮಿಷ ಇಟ್ಟುಕೊಳ್ಳಿ. ಭಾನುವಾರ ಬೆಳಗ್ಗೆ, ಮನೆಯವರು ಏಳುವ ಮುಂಚೆ ಒಳ್ಳೆಯ ಹೊತ್ತು. ತಲೆಯಲ್ಲಿ ಬಂದದ್ದನ್ನೆಲ್ಲ ಬಂದ ಹಾಗೇ ಬರೆಯಿರಿ. ಕ್ರಮ ಬೇಡ, ನಂಬರ್ ಬೇಡ, ಆಫೀಸಿನದು ಮನೆಯದು ಅಂತ ಬೇರೆ ಮಾಡುವುದೂ ಬೇಡ. "ಹಿತ್ತಲ ನಲ್ಲಿ ಸೋರ್ತಿದೆ." "ಚಿಕ್ಕಮ್ಮನಿಗೆ ಫೋನ್ ಮಾಡಿ ಮೂರು ತಿಂಗಳಾಯ್ತು." "ಗೋಡೌನ್ ಸ್ಟಾಕಿಗೂ ಪುಸ್ತಕಕ್ಕೂ 3 ಮೂಟೆ ವ್ಯತ್ಯಾಸ." ಹೀಗೆ.

ಮೊದಲ ಹತ್ತು ನಿಮಿಷ ಸರಸರ ಬರುತ್ತದೆ. ಆಮೇಲೆ ನಿಂತುಹೋಗುತ್ತದೆ. ಮುಗಿಯಿತು ಅಂತ ಏಳಬೇಡಿ. ಮನೆಯ ಒಂದೊಂದು ಕೋಣೆಯನ್ನೂ ಮನಸ್ಸಿನಲ್ಲೇ ಸುತ್ತಿ ಬನ್ನಿ. ಆಫೀಸಿನಲ್ಲಿ ನಿಮ್ಮ ಡ್ರಾಯರ್ ತೆಗೆದು ನೋಡಿದ ಹಾಗೆ ಅಂದುಕೊಳ್ಳಿ. ಯಾರಿಗೆ ದುಡ್ಡು ಕೊಡಬೇಕು, ಯಾರಿಂದ ಬರಬೇಕು, ಯಾರನ್ನು ಕಂಡರೆ ಮುಖ ತಪ್ಪಿಸುತ್ತಿದ್ದೀರಿ ಅಂತ ಕೇಳಿಕೊಳ್ಳಿ. ಕೊನೆಯ ಪ್ರಶ್ನೆ ಸ್ವಲ್ಪ ಚುಚ್ಚುತ್ತದೆ. ಆದರೆ ನಿಜವಾದ ಭಾರ ಹೊರಗೆ ಬರುವುದು ಅದರಿಂದಲೇ. ನನಗೆ ನಾದಿನಿಯ ಮಾತು ಬಂದದ್ದು ಇಪ್ಪತ್ತೈದನೇ ನಿಮಿಷಕ್ಕೆ. ಅಲ್ಲಿಯವರೆಗೆ ಗ್ಯಾಸು, ನಲ್ಲಿ, ಇನ್ಶೂರೆನ್ಸ್ ಅಂತ ಮೇಲೆ ಮೇಲೆ ಬರೆಯುತ್ತಿದ್ದೆ.

ನನ್ನ ಹಾಳೆಯಲ್ಲಿ 63 ಸಾಲು ಆಯಿತು. ನಿಮ್ಮದು ನೂರಾದರೂ ಗಾಬರಿಯಾಗಬೇಡಿ. ಅಷ್ಟನ್ನೂ ನೀವು ಈಗಾಗಲೇ ಹೊತ್ತುಕೊಂಡು ಓಡಾಡುತ್ತಿದ್ದಿರಿ.

ಹೆಜ್ಜೆ 2: ಬೀಜ ಆಯುವ ಹಾಗೆ ಆಯಿರಿ

ಕ್ಯೂರಿಂಗ್‌ನಲ್ಲಿ ಈಗ ಮಿಷನ್‌ಗಳು ಬಂದಿವೆ. ಆದರೂ ನಮ್ಮಲ್ಲಿ ಕೊನೆಗೆ ಹೆಣ್ಣುಮಕ್ಕಳು ಕೂತು ಕೈಯಲ್ಲಿ ಆಯುತ್ತಾರೆ. ಕಪ್ಪು ಬೀಜ ಒಂದು ಕಡೆ, ಒಡೆದದ್ದು ಒಂದು ಕಡೆ. ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಅವರು ಒಂದು ಬೀಜವನ್ನು ಎತ್ತಿ, ನೋಡಿ, ಮತ್ತೆ ಅದೇ ಗುಡ್ಡೆಗೆ ಹಾಕುವುದಿಲ್ಲ. ಎತ್ತಿದರೆ ಎಲ್ಲಿಗಾದರೂ ಹಾಕಿಯೇ ಬಿಡುತ್ತಾರೆ. ಕೈ ನಿಲ್ಲುವುದೇ ಇಲ್ಲ, ಜೊತೆಗೆ ಮಾತೂ ನಡೆದಿರುತ್ತದೆ.

ನಿಮ್ಮ ಹಾಳೆಯ ಒಂದೊಂದು ಸಾಲನ್ನೂ ಹಾಗೇ ಎತ್ತಿ. ಎತ್ತಿದ ಮೇಲೆ ತೀರ್ಮಾನ ಮಾಡದೆ ಕೆಳಗಿಡಬೇಡಿ.

ಎರಡೇ ನಿಮಿಷದಲ್ಲಿ ಆಗುವಂಥದ್ದಾದರೆ ಅಲ್ಲೇ ಮಾಡಿ ಹೊಡೆದುಹಾಕಿ. ಗ್ಯಾಸ್ ಬುಕಿಂಗ್, ಟೂರ್ ಫಾರಂ ಸಹಿ, ಒಂದು ಮೆಸೇಜಿಗೆ ಉತ್ತರ. ನನ್ನ 63ರಲ್ಲಿ 14 ಹಾಗೇ ಹೋದವು.

ಜಾಸ್ತಿ ಹೊತ್ತು ಬೇಕಾದದ್ದಕ್ಕೆ ಒಂದು ಪುಸ್ತಕ ಇಟ್ಟುಕೊಂಡು ಅದರಲ್ಲಿ ಒಂದು ತಾರೀಖು, ಒಂದು ಕೆಲಸ ಬರೆಯಿರಿ. ಇಲ್ಲಿ ಎಲ್ಲರೂ ಎಡವುತ್ತಾರೆ. "ಅಮ್ಮನ ಕಣ್ಣು" ಅಂತ ಬರೆದರೆ ಅದು ಕೆಲಸ ಅಲ್ಲ, ಅದು ಚಿಂತೆಯ ಹೆಸರು. "ಗುರುವಾರ ಬೆಳಗ್ಗೆ 10ಕ್ಕೆ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ದಿನ ಕೇಳೋದು" ಅಂತ ಬರೆದರೆ ಅದು ಕೆಲಸ. ಸಾಲಿನಲ್ಲಿ ಒಂದು ಕ್ರಿಯಾಪದ ಇರಲೇಬೇಕು. ಕೇಳೋದು, ಕೊಡೋದು, ಬರೆಯೋದು, ಹೋಗೋದು. "3 ಮೂಟೆ ವ್ಯತ್ಯಾಸ" ಅನ್ನುವುದನ್ನು "ಮಂಗಳವಾರ ಮಧ್ಯಾಹ್ನ 15ನೇ ತಾರೀಖಿನ ಗೇಟ್ ರಿಜಿಸ್ಟರ್ ತಾಳೆ ನೋಡೋದು" ಅಂತ ಮಾಡಿದ ಮೇಲೆ ಆ ಮೂರು ಮೂಟೆ ರಾತ್ರಿ ಕನಸಿಗೆ ಬರುವುದು ನಿಂತಿತು.

ತಿಂಗಳು ತಿಂಗಳು ಬರುವುದನ್ನು ಯಾವತ್ತೂ ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಲೆಕ್ಕದವರಿಗೆ ಇದು ಮುಖ್ಯ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಸಾಮಾನ್ಯವಾಗಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ತೆರಿಗೆ) ಕಟ್ಟಲು 7ನೇ ತಾರೀಖು, ಜಿಎಸ್‌ಟಿಯ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11, ನೌಕರರ ಪಿಎಫ್ ಮತ್ತು ಇಎಸ್ಐಗೆ 15, ಜಿಎಸ್‌ಟಿ ಕಟ್ಟುವ ಜಿಎಸ್‌ಟಿಆರ್-3ಬಿಗೆ 20. ಹೊಸ ಕ್ಯಾಲೆಂಡರ್ ಬಂದ ದಿನವೇ ಹನ್ನೆರಡೂ ತಿಂಗಳಿಗೆ ಇವನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡುತ್ತೇನೆ. ಅದೂ ಮೂರು ದಿನ ಮುಂಚಿನ ತಾರೀಖಿಗೆ. ಕೊನೆ ದಿನ ಪೋರ್ಟಲ್ ಮುಂದೆ ಕೂತು ಸುತ್ತುವ ಚಕ್ರ ನೋಡಿದವರಿಗೆ ಇದರ ಬೆಲೆ ಗೊತ್ತು.

ಬೇರೆಯವರ ಕೈಯಲ್ಲಿ ಇರುವುದಕ್ಕೆ ಬೇರೆ ಪುಟ. ಯಾರ ಹತ್ತಿರ ಇದೆ, ಯಾವತ್ತು ಕೇಳಿದೆ, ಮತ್ತೆ ಯಾವತ್ತು ಕೇಳುವುದು, ಇಷ್ಟು ಸಾಕು.

ಇನ್ನು ಕೆಲವನ್ನು ಕೈಬಿಡಬೇಕು. ಐದು ವರ್ಷದಿಂದ ಕಲಿಯುತ್ತೇನೆ ಅಂತ ಇಟ್ಟುಕೊಂಡ ಟೈಲರಿಂಗ್ ನನ್ನ ಹಾಳೆಯಲ್ಲೂ ಇತ್ತು. ಈ ವರ್ಷ ಇಲ್ಲ ಅಂತ ಬರೆದು ಗೀಟು ಎಳೆದೆ. ಸ್ವಲ್ಪ ಬೇಜಾರಾಯಿತು, ಆಮೇಲೆ ಹಗುರಾಯಿತು.

ಕೊನೆಗೆ ಯಾವ ಗುಡ್ಡೆಗೂ ಸೇರದೆ ಉಳಿಯುವುದು ಬರೀ ಚಿಂತೆ. ಅದಕ್ಕೆ ಮುಂದಿನ ಹೆಜ್ಜೆ.

ಹೆಜ್ಜೆ 3: ಚಿಂತೆಗೆ ಅದರದೇ ಹೊತ್ತು ಕೊಡಿ

ನಮ್ಮ ಜಿಲ್ಲೆಯಲ್ಲಿ ಎರಡು ಚಿಂತೆ ಎಲ್ಲರ ಮನೆಯಲ್ಲೂ ಇವೆ. ಒಂದು ಕಾಫಿ ರೇಟು, ಇನ್ನೊಂದು ಮಳೆ. ನಮ್ಮ ಮನೆಯದೂ ಮೂರು ಎಕರೆ ರೋಬಸ್ಟಾ ಕಾಫಿ ಇದೆ, ಹಾಗಾಗಿ ನನಗೂ ಇವೆ. ದಿನಕ್ಕೆ ಎಂಟು ಸಲ ಫೋನಿನಲ್ಲಿ ರೇಟು ನೋಡುತ್ತಿದ್ದೆ. ರೋಬಸ್ಟಾ ರೇಟು ಲಂಡನ್ ಮಾರುಕಟ್ಟೆ ನೋಡಿಕೊಂಡು ಏರಿಳಿಯುತ್ತದೆ, ಅರೇಬಿಕಾದ್ದು ನ್ಯೂಯಾರ್ಕ್. ಚಿಕ್ಕಮಗಳೂರಿನಲ್ಲಿ ಕೂತು ಎಂಟು ಸಲ ನೋಡಿದರೆ ಅದು ಏರುವುದಿಲ್ಲ. ಆದರೆ ಎಂಟು ಸಲವೂ ನನ್ನ ಕೆಲಸ ನಿಲ್ಲುತ್ತಿತ್ತು.

1983ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು ಚಿಂತೆ ಜಾಸ್ತಿ ಇರುವವರಿಗೆ ಒಂದು ಉಪಾಯ ಕೊಟ್ಟು ನೋಡಿದರು. ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗ, ಒಂದೇ ಹೊತ್ತು. ಚಿಂತೆ ಮಾಡುವುದಿದ್ದರೆ ಆಗ ಮಾಡಿ. ಬೇರೆ ಹೊತ್ತಿನಲ್ಲಿ ಬಂದರೆ ಆ ಹೊತ್ತಿಗೆ ಮುಂದೂಡಿ. ಅದರಿಂದ ಅವರ ಚಿಂತೆ ಕಡಿಮೆಯಾಯಿತು.

ನಾನು ಅದನ್ನು ಹದಿನೈದು ನಿಮಿಷಕ್ಕೆ ಇಳಿಸಿಕೊಂಡಿದ್ದೇನೆ. ಸಂಜೆ ಆರೂವರೆ, ಹಿತ್ತಲ ಜಗಲಿ, ಕೈಯಲ್ಲಿ ಕಾಫಿ. ಹಗಲು ಚಿಂತೆ ಬಂದರೆ ಚೀಟಿಯಲ್ಲಿ ಒಂದು ಪದ ಬರೆದು ಬಿಲ್ಲು ಚುಚ್ಚುವ ತಂತಿಗೆ ಚುಚ್ಚುತ್ತೇನೆ. ಸಂಜೆ ಆ ಚೀಟಿಗಳನ್ನು ತೆಗೆದು ಒಂದೊಂದೇ ನೋಡುತ್ತೇನೆ. ಅರ್ಧಕ್ಕರ್ಧ ಆಗಲೇ ಆರಿಹೋಗಿರುತ್ತವೆ. ಉಳಿದವುಗಳಲ್ಲಿ ಕೆಲವನ್ನು ಕೆಲಸವಾಗಿ ಮಾಡಬಹುದು. ಕಣದಲ್ಲಿ ಕಾಫಿ ಹರಡಿರುವಾಗ ಮೋಡ ಕಟ್ಟಿದರೆ ಏನು ಗತಿ ಅನ್ನುವುದು ಚಿಂತೆ. ಹರಿದ ಟಾರ್ಪಾಲ್ ಬದಲಾಯಿಸಿ ಕಣದ ಮೂಲೆಯಲ್ಲೇ ಮಡಚಿಡುವುದು, ಮಳೆ ಬಂದರೆ ಯಾರು ಓಡಿಬಂದು ಹೊದಿಸಬೇಕು ಅಂತ ಮೊದಲೇ ಹೇಳಿಡುವುದು ಕೆಲಸ. ಮಳೆ ನನ್ನ ಕೈಯಲ್ಲಿಲ್ಲ, ಟಾರ್ಪಾಲ್ ಇದೆ.

ನಾದಿನಿಯ ಮಾತಿಗೂ ಕೊನೆಗೆ ಒಂದು ಕೆಲಸ ಹುಟ್ಟಿತು. ಒಂದು ದಿನ ಹೋಗಿ ಎದುರು ಕೂತು, "ಅವತ್ತು ನೀವಂದಿದ್ದು ನಂಗೆ ನೋವಾಯ್ತು" ಅಂದೆ. ಅವರಿಗೆ ತಾವು ಹಾಗೆ ಅಂದದ್ದೇ ನೆನಪಿರಲಿಲ್ಲ. ನಾನು ನಾಲ್ಕು ತಿಂಗಳು ಹೊತ್ತಿದ್ದೆ.

ಹೆಜ್ಜೆ 4: ಟೇಬಲ್ಲು, ಫೋನು

ಇದನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಟೇಬಲ್ ಮೇಲೆ ಈಗ ಮಾಡುತ್ತಿರುವ ಕೆಲಸದ ಕಾಗದ ಮಾತ್ರ ಇರಲಿ. ಉಳಿದದ್ದು ಟ್ರೇಗೆ ಹೋಗಲಿ. ಕಣ ಗುಡಿಸದೆ ಹೊಸ ಹಣ್ಣು ಹರಡಿದರೆ ನಿನ್ನೆಯದೂ ಇವತ್ತಿನದೂ ಬೆರೆತು ಎರಡೂ ಕೆಡುತ್ತವೆ. ಟೇಬಲ್ಲೂ ಹಾಗೇ. ಫೋನು ಕಣ್ಣಿಗೆ ಬೀಳದ ಕಡೆ ಇರಲಿ. ಮನೆಯವರ ಕರೆಗೆ ಮಾತ್ರ ಸದ್ದು ಬರುವ ಹಾಗೆ ಮಾಡಿಟ್ಟರೆ ಗಾಬರಿ ಇರುವುದಿಲ್ಲ. ಫ್ಯಾಮಿಲಿ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಹಳೆ ಸ್ಟೂಡೆಂಟ್ಸ್ ಗ್ರೂಪು, ಎಲ್ಲದರ ಸದ್ದೂ ಬಂದ್ ಮಾಡಿ. ಯಾರಿಗೂ ಗೊತ್ತಾಗುವುದಿಲ್ಲ.

ಹೆಜ್ಜೆ 5: ಎದ್ದು ಹೋಗುವ ಮುಂಚೆ ಒಂದು ಸಾಲು

ಒಂದೇ ಹೆಜ್ಜೆ ಮಾಡುತ್ತೇನೆ, ಉಳಿದದ್ದಕ್ಕೆ ಟೈಮಿಲ್ಲ ಅನ್ನುವವರು ಇದನ್ನು ಮಾಡಿ. ನನ್ನ ತಪ್ಪುಗಳು ಕಡಿಮೆಯಾಗಿದ್ದು ಮುಖ್ಯವಾಗಿ ಇದರಿಂದ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನ ಪೂರ್ತಿ ಜೊತೆಗೆ ಬರುವುದಿಲ್ಲ. ಸ್ವಲ್ಪ ಹಳೆಯದರಲ್ಲೇ ಅಂಟಿಕೊಂಡಿರುತ್ತದೆ. 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಪಾತ್ರೆ ಬಗ್ಗಿಸಿದ ಮೇಲೂ ತಳದಲ್ಲಿ ಬೆಲ್ಲದ ಪಾಕ ಉಳಿಯುತ್ತದಲ್ಲ, ಹಾಗೆ. 2018ರಲ್ಲಿ ಅವರೇ ಥೆರೆಸಾ ಗ್ಲಾಂಬ್ ಜೊತೆ ಸೇರಿ ಇದಕ್ಕೊಂದು ಪರಿಹಾರವನ್ನೂ ಪರೀಕ್ಷೆ ಮಾಡಿದರು. ಕೆಲಸ ಬಿಟ್ಟು ಏಳುವ ಮುಂಚೆ, ಎಲ್ಲಿಗೆ ನಿಂತಿದೆ, ಬಂದ ಮೇಲೆ ಏನು ಮಾಡಬೇಕು ಅಂತ ಚುಟುಕಾಗಿ ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ.

ನಾನು ಮಾಡುವುದು ಹೀಗೆ. ಹಿಂಬದಿಯಲ್ಲಿ ಬರೆಯಲು ಹಳೆ ತೂಕದ ಚೀಟಿಗಳನ್ನು ಕತ್ತರಿಸಿ ಕಟ್ಟು ಮಾಡಿ ಲೆಡ್ಜರ್ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಬರೆಯುತ್ತಿರುವಾಗ ಯಾರೋ ಕಿಟಕಿಗೆ ಬರುತ್ತಾರೆ.

"ಅಮ್ಮಾ, ನಂದು ಸ್ವಲ್ಪ ನೋಡಿ."

"ಬಂದೆ ಗೌಡ್ರೇ, ಒಂದು ಸಾಲು ಬರ್ಕೊಂಡ್‌ಬಿಡ್ತೀನಿ."

ಚೀಟಿಯಲ್ಲಿ ಬರೆಯುತ್ತೇನೆ: "ಲಾಟ್ 118, ತೂಕ ಆಯ್ತು, ತೇವಾಂಶ ಬಾಕಿ." ಅದನ್ನು ಲೆಡ್ಜರ್‌ನ ಅದೇ ಸಾಲಿನ ಮೇಲೆ ಇಟ್ಟು, ಮೇಲೊಂದು ಪೆನ್ನು ಅಡ್ಡ ಇಡುತ್ತೇನೆ. ಐದಾರು ಸೆಕೆಂಡು ಹಿಡಿಯುತ್ತದೆ. ಆಮೇಲೆ ಅವರ ಕಡೆ ಪೂರ್ತಿ ತಿರುಗುತ್ತೇನೆ. ಅವರ ಮಾತೂ ಪೂರ್ತಿ ಕೇಳಿಸುತ್ತದೆ. ವಾಪಸ್ ಬಂದಾಗ "ಎಲ್ಲಿದ್ದೆ ನಾನು?" ಅಂತ ಹುಡುಕುವುದು ಇಲ್ಲ. ಮೊದಲು ಆ ಹುಡುಕಾಟದಲ್ಲೇ ಒಂದು ಸಾಲು ಹಾರಿಸಿ ಕೆಳಗಿನ ಸಾಲಿಗೆ ಬರೆದುಬಿಡುತ್ತಿದ್ದೆ. ಒಂದೇ ಥರದ ಹೆಸರು ಕಂಡು ಆ 42 ಮೂಟೆ ತಪ್ಪು ಸಾಲಿಗೆ ಬಿದ್ದದ್ದೂ ಹಾಗೇ.

ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ವಿರಾಮ ಅನ್ನುವ ಪದ್ಧತಿ ಹೆಸರುವಾಸಿ. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಕೋಣೆ ಬಾಗಿಲು ಹಾಕಿಕೊಂಡು ಕೆಲಸ ಮಾಡುವವರಿಗೆ ತುಂಬಾ ಒಳ್ಳೆಯದು. ಕೌಂಟರಿನಲ್ಲಿ ಕೂರುವವರಿಗೆ ಅದು ನಡೆಯುವುದಿಲ್ಲ. ಜನ ಗಡಿಯಾರ ನೋಡಿಕೊಂಡು ಬರುವುದಿಲ್ಲವಲ್ಲ. ನಮಗೆ ಹೊತ್ತಿನ ಲೆಕ್ಕಕ್ಕಿಂತ ತುಂಡಿನ ಲೆಕ್ಕ ಸರಿ. ಒಂದು ಲಾಟ್, ಒಂದು ಅರ್ಜಿ, ಒಂದು ವೋಚರ್. ಅದು ಮುಗಿಯುವವರೆಗೆ ಬೇರೆಯದನ್ನು ಮುಟ್ಟುವುದಿಲ್ಲ.

ಹೆಜ್ಜೆ 6: ಮುಲಾಜು ಬಿಟ್ಟು ಹೇಳುವುದು

ನಮ್ಮ ಕಡೆ ಇದು ಕಷ್ಟ. ಎಲ್ಲರೂ ಪರಿಚಯದವರು, ಯಾರಿಗೂ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಇಲ್ಲ ಅನ್ನದೆ ಹೊತ್ತು ಹೇಳುವುದನ್ನು ಕಲಿತೆ. "ಈಗ ತೂಕ ನಡೀತಿದೆ ಅಣ್ಣಾ, ಮೂರು ಗಂಟೆಗೆ ನಾನೇ ಫೋನ್ ಮಾಡ್ತೀನಿ." ಹೇಳಿದ ಮೇಲೆ ಮೂರಕ್ಕೆ ಸರಿಯಾಗಿ ಮಾಡಲೇಬೇಕು. ಎರಡು ಸಲ ಮಾತು ಉಳಿಸಿಕೊಂಡರೆ ಮೂರನೇ ಸಲ ಅವರು ಕಾಯುತ್ತಾರೆ. ಒಂದು ಸಲ ತಪ್ಪಿದರೂ ಮತ್ತೆ ಹತ್ತು ಸಲ ಫೋನು ಬರುತ್ತದೆ.

ನಮ್ಮ ಆಫೀಸಿನಲ್ಲಿ ಔಟ್‌ಟರ್ನ್ ಕೇಳುವ ಕರೆಗಳೇ ಜಾಸ್ತಿ ಇದ್ದವು. ಬಂದ ಔಟ್‌ಟರ್ನ್‌ಗಳನ್ನು ಸಂಜೆ ನಾಲ್ಕಕ್ಕೆ ಅವರವರಿಗೆ ಮೆಸೇಜ್ ಮಾಡೋಣ ಅಂತ ಸಾಹೇಬರಿಗೆ ಹೇಳಿದೆ. ಒಪ್ಪಿದರು. ಬೆಳಗಿನ ಫೋನುಗಳು ಕಡಿಮೆಯಾದವು. ನಿಮ್ಮ ಕೆಲಸದಲ್ಲೂ ಪದೇ ಪದೇ ಬರುವ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಅದು ಯಾವುದು ಅಂತ ಒಂದು ವಾರ ಗೀಟು ಹಾಕಿ ಎಣಿಸಿ ನೋಡಿ.

ಹೆಜ್ಜೆ 7: ಸಂಜೆಯ ಐದು ನಿಮಿಷ, ಶನಿವಾರದ ಅರ್ಧ ಗಂಟೆ

ಬೀಗ ಹಾಕುವ ಮುಂಚೆ ನಾಳೆಯ ಮೊದಲ ಮೂರು ಕೆಲಸ ಬರೆದಿಡಿ. ಮೂರೇ. ಮನೆಗೆ ಹೋದ ಮೇಲೂ ತಲೆ ಸುತ್ತುತ್ತಿದ್ದರೆ ಮಲಗುವ ಮುಂಚೆ ಇನ್ನೊಂದು ಸಲ ಬರೆಯಿರಿ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಕಲಿನ್ ಮತ್ತು ಜೊತೆಗಾರರು 57 ಮಂದಿ ತರುಣರನ್ನು ಮಲಗುವ ಮುಂಚೆ ಐದು ನಿಮಿಷ ಬರೆಯಲು ಕೂರಿಸಿದರು. ಕೆಲವರು ಆಗಿಹೋದದ್ದನ್ನು ಬರೆದರು, ಕೆಲವರು ಮುಂದೆ ಮಾಡಬೇಕಾದದ್ದನ್ನು. ಮುಂದಿನದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ಬಿಡಿಸಿ ಬಿಡಿಸಿ ಬರೆದಷ್ಟೂ ಬೇಗ.

ಶನಿವಾರ ಸಂಜೆ ಅರ್ಧ ಗಂಟೆ ಪುಸ್ತಕ ತಿರುವಿ ಹಾಕುತ್ತೇನೆ. ಮುಗಿದದ್ದಕ್ಕೆ ಗೀಟು, ಉಳಿದದ್ದಕ್ಕೆ ಹೊಸ ತಾರೀಖು. ಒಂದೇ ಸಾಲು ಮೂರು ವಾರ ಮುಂದೆ ಹೋಗುತ್ತಿದ್ದರೆ ಅದನ್ನು ಇನ್ನೂ ಚಿಕ್ಕ ಹೆಜ್ಜೆಗೆ ಒಡೆಯುತ್ತೇನೆ, ಇಲ್ಲವೇ ಹೊಡೆದುಹಾಕುತ್ತೇನೆ. ಬಿಡುವಿದ್ದ ಶನಿವಾರ ಪುಸ್ತಕ ಹಿಡಿದು ನಮ್ಮೂರಿನ ಗುಡ್ಡ ರತ್ನಗಿರಿ ಬೋರೆಗೆ ಹೋಗುತ್ತೇನೆ. ಬೆಟ್ಟದ ಸಾಲು ನೋಡುತ್ತಾ ಬರೆದರೆ ಬೇಗ ಮುಗಿಯುತ್ತದೆ.

ಇಷ್ಟು ಮಾಡಿದರೂ ಆಗದಿದ್ದರೆ

ತಲೆ ತುಂಬಿರುವುದು ಬೇರೆ, ಮನಸ್ಸು ಕುಗ್ಗಿರುವುದು ಬೇರೆ. ಎರಡು ಮೂರು ವಾರದಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಇಷ್ಟದ ಕೆಲಸವೂ ಬೇಡ ಅನ್ನಿಸುತ್ತಿದೆ ಅಂದರೆ ಪಟ್ಟಿ ಬರೆಯುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇಪ್ಪತ್ನಾಲ್ಕು ಗಂಟೆಯೂ ಇದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇನ್ನು, ಸುಮ್ನೆ ಅಭ್ಯಾಸ ತಪ್ಪಿಹೋಗುವುದು ಎಲ್ಲರಿಗೂ ಆಗುತ್ತದೆ. ಹೋದ ಫೆಬ್ರವರಿಯಲ್ಲಿ ಮನೆಯಲ್ಲಿ ಮದುವೆ ಬಂದು ಹನ್ನೆರಡು ದಿನ ನಾನು ಪುಸ್ತಕ ಮುಟ್ಟಲಿಲ್ಲ. ಹಾಗಾದರೆ ಬಿಟ್ಟ ಪುಟಗಳನ್ನು ತುಂಬಿಸಲು ಹೋಗಬೇಡಿ. ಕಳೆದ ತಿಂಗಳ ಕ್ಯಾಲೆಂಡರ್ ಹಾಳೆ ಹರಿದುಕೊಳ್ಳಿ, ಹಿಂಬದಿ ತಿರುಗಿಸಿ, ತಲೆಗೆ ಮೊದಲು ಬಂದದ್ದನ್ನು ಬರೆಯಿರಿ.